ನನ್ನ ನಾದಿನಿಯ ಎಡಗಿವಿ

ನನ್ನ ನಾದಿನಿಯನ್ನು ನಮ್ಮ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವಳು ‘ಹಲೋ’. ಹಾಲಿನವನಿಂದ ಹಿಡಿದು ಎದುರುಮನೆಯ ಮೇಷ್ಟರವರೆಗೆ, “ಹಲೋ ಬಂದಳಾ?”, “ಹಲೋಗೆ ಇವತ್ತು ಯಾವ ಪಾಳಿ?” ಎಂದೇ ಕೇಳುತ್ತಿದ್ದರು. ಹತ್ತೊಂಬತ್ತಕ್ಕೆ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿದವಳು. ಮನೆ ಬಾಗಿಲು ತಟ್ಟಿದರೂ ಒಳಗಿನಿಂದ “ಹಲೋ, ಹೇಳಿ” ಎನ್ನುವಳು. ಭಾನುವಾರ ಮಧ್ಯಾಹ್ನ ಮಲಗಿದ್ದಾಗ ಒಮ್ಮೆ, “ಲೈನ್ ಬಿಜಿ ಇದೆ, ಕಾಯ್ತಾ ಇರಿ” ಎಂದು ಮಗ್ಗುಲು ಬದಲಿಸಿದ್ದನ್ನು ನಾನೇ ಕೇಳಿದ್ದೇನೆ.

ನಾನು ಮದುವೆಯಾಗಿ ಆ ಮನೆಗೆ ಬಂದಾಗ ಅವಳಿಗೆ ಹದಿಮೂರು. ಅತ್ತೆ ಮಾವ ಅಷ್ಟರಲ್ಲೇ ಹೋಗಿಬಿಟ್ಟಿದ್ದರು. ಅಣ್ಣನೇ ಅವಳಿಗೆ ಅಪ್ಪ, ಅವನೇ ಅಮ್ಮ. ಎರಡು ಕೋಣೆಯ ಮನೆಯಲ್ಲಿ ನಾವು ಮೂವರು. ಬಂದ ಮೊದಲನೇ ದಿನವೇ ಅವಳು ನನ್ನ ಕೈ ಹಿಡಿದು ತನ್ನ ಎಡಗಡೆಗೆ ಎಳೆದು ಕೂರಿಸಿಕೊಂಡು, “ಅತ್ತಿಗೆ, ಬಲಗಡೆ ಕೂತು ಬೈದ್ರೆ ನನಗೆ ಕೇಳ್ಸಲ್ಲ, ವೇಸ್ಟು” ಎಂದಳು. ಬಲಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಮಂದವಾಗಿತ್ತು. ಇದ್ದದ್ದೆಲ್ಲ ಎಡಗಿವಿಯೇ.

ಆ ಎಡಗಿವಿಯ ಹಾಲೆಯಲ್ಲೇ ಒಂದು ಗಂಟು. ನಾನು ಬರುವ ಹಿಂದಿನ ವರ್ಷ ಕಿವಿ ಚುಚ್ಚಿಸಿಕೊಂಡಿದ್ದಳಂತೆ. ಬಲಗಡೆಯದು ಚೆನ್ನಾಗಿ ಮಾಯಿತು. ಎಡಗಡೆಯದು ಕೀವಾಗಿ, ವಾಸಿಯಾಗಿ, ಆಮೇಲೆ ತೂತಿನ ಪಕ್ಕ ಮೆಣಸಿನಕಾಳಿನಷ್ಟು ಗಟ್ಟಿ ಕೂತಿತು. ನಾನು ನೋಡಿದಾಗ ಬಟಾಣಿಯಷ್ಟಿತ್ತು. ಮುಟ್ಟಿದರೆ ರಬ್ಬರಿನ ಹಾಗೆ, ನುಣ್ಣಗೆ, ಹೊಳಪು. ತುರಿಕೆಯಂತೂ ಹೇಳತೀರದು. ಓದುತ್ತ ಕೂತವಳು ಪುಸ್ತಕದ ಮೂಲೆಯಿಂದ ಅದನ್ನು ಉಜ್ಜಿಕೊಳ್ಳುವಳು.

ಹದಿನಾರು ತುಂಬುವ ಹೊತ್ತಿಗೆ ಇದನ್ನು ತೆಗೆಸಿಬಿಡೋಣವೆಂದು ಅಣ್ಣ ತಂಗಿ ಮಾರುಕಟ್ಟೆ ಹತ್ತಿರದ ಒಬ್ಬ ಕಾಂಪೌಂಡರ್ ಬಳಿ ಹೋದರು. “ಎರಡು ನಿಮಿಷದ ಕೆಲಸ” ಎಂದ ಅವನು. ಎರಡೇ ನಿಮಿಷದಲ್ಲಿ ಮುಗಿಸಿಯೂ ಬಿಟ್ಟ. ನಾವೆಲ್ಲ ಖುಷಿಯಾಗಿ ಸಂಜೆ ಮೂರು ಲೋಟ ಕಾಫಿಗೆ ಎರಡು ಪಟ್ಟು ಸಕ್ಕರೆ ಹಾಕಿಕೊಂಡೆವು. ನಾಲ್ಕನೇ ತಿಂಗಳಿಗೆ ಹೊಲಿಗೆಯ ಜಾಗ ಕೆಂಪಾಗಿ ಉಬ್ಬಿತು. ವರ್ಷ ತುಂಬುವ ಹೊತ್ತಿಗೆ ಹೋದ ಬಟಾಣಿ ದ್ರಾಕ್ಷಿಯಾಗಿ ವಾಪಸ್ಸು ಬಂದಿತ್ತು. ಕೊಯ್ಯುವಾಗ ತಂಗಿಯ ಕೈ ಹಿಡಿದುಕೊಂಡಿದ್ದ ನಮ್ಮವರು ಆವತ್ತಿನಿಂದ ಆ ಕಾಂಪೌಂಡರನ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟರು. “ಇನ್ನು ಅದಕ್ಕೆ ಯಾರೂ ಬ್ಲೇಡು ಮುಟ್ಟಿಸಕೂಡದು” ಎಂದರು. ನಾದಿನಿ ಕೂದಲನ್ನು ಎಡಕ್ಕೆ ಇಳಿಬಿಟ್ಟು, ಕನ್ನಡಿಯಲ್ಲಿ ಬಲಗಡೆ ಮಾತ್ರ ನೋಡಿಕೊಂಡು, ತನ್ನ ಪಾಡಿಗೆ ತಾನು ಬೆಳೆದಳು. ಗಂಟೂ ಬೆಳೆಯಿತು. ಅದು ನಮ್ಮ ಯಾರ ಗಮನಕ್ಕೂ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೇ ಈ ಕಥೆ.

ನಮ್ಮವರ ಕೆಲಸ ಫೋಟೋ ಸ್ಟುಡಿಯೋದಲ್ಲಿ. ಫೋಟೋ ತೆಗೆಯುವುದಕ್ಕಿಂತ ಹೆಚ್ಚಾಗಿ ‘ಟಚಿಂಗ್’ ಮಾಡುವುದು. ಕಿಟಕಿಯ ಪಕ್ಕ ಇಳಿಜಾರಾದ ಒಂದು ಮೇಜು, ನಡುವೆ ಗಾಜು, ಗಾಜಿನ ಕೆಳಗೆ ಬೆಳಕು ಎಸೆಯುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಅದಕ್ಕೆ ಒಂದು ಅಂಟು ಎಣ್ಣೆ ತೆಳ್ಳಗೆ ಸವರಿ, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿ ಇಡುವರು. ನೆಗೆಟಿವಿನಲ್ಲಿ ಎಲ್ಲಾ ತಿರುಗುಮುರುಗು. ಮುಖದ ಕಪ್ಪು ಕಲೆ ಅಲ್ಲಿ ಖಾಲಿ ಖಾಲಿ ಬೆಳಕಾಗಿರುತ್ತದೆ. ಆ ಖಾಲಿಯನ್ನು ಪೆನ್ಸಿಲಿನಿಂದ ತುಂಬಿಸಿದರೆ ಕಾಗದದ ಮೇಲೆ ಕಲೆ ಮಾಯ. ಮೊಡವೆ, ಸುಕ್ಕು, ಸಿಡುಬಿನ ಗುಳಿ, ಕಣ್ಣಿನ ಕೆಳಗಿನ ಕಪ್ಪು, ಯಾವುದೂ ಅವರ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ. ಒಮ್ಮೆ ಒಬ್ಬ ಗಿರಾಕಿಯ ಗದ್ದದ ಮಚ್ಚೆಯನ್ನೂ ಒರೆಸಿಬಿಟ್ಟರು; ಅವನು ಫೋಟೋ ಹಿಡಿದು ಓಡಿ ಬಂದ. “ಏನ್ರೀ ಇದು! ನನ್ನ ಹೆಂಡತಿ, ಇದು ಯಾರ ಫೋಟೋ ತಂದಿದ್ದೀರಾ ಅಂತಾಳೆ!”

ತಂಗಿಯ ಹುಟ್ಟಿದ ದಿನ ಪ್ರತಿವರ್ಷ ಅವಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಒಂದು ಫೋಟೋ ತೆಗೆಯುವುದು ನಮ್ಮವರ ಪದ್ಧತಿ. ಅವರು ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿನಿಂದ “ಗದ್ದ ಮೇಲೆ, ನಗು” ಎಂದು ಏನೇ ಹೇಳಲಿ, ಅವಳಿಗೆ ಕೇಳಬೇಕಾದರೆ ಎಡಗಿವಿ ಕೊಡಬೇಕು. ಕೂದಲನ್ನು ಅವರೇ ಹಿಂದಕ್ಕೆ ಸರಿಸುವರು. ಹಾಗಾಗಿ ಪ್ರತಿ ಫೋಟೋದಲ್ಲೂ ಎಡಗೆನ್ನೆ, ಎಡಗಿವಿ ಮುಂದು. ಫೋಟೋ ಮನೆಗೆ ಬರುವಾಗ ಕಿವಿ ಹೂವಿನ ಎಸಳಿನಂತೆ ಇರುತ್ತಿತ್ತು. ಗೋಡೆಯ ಮೇಲೆ ಸಾಲಾಗಿ ಹಾಕಿದ್ದೆವು. ದಿನಾ ನೋಡುತ್ತಿದ್ದದ್ದು ಆ ಗೋಡೆಯನ್ನು. ಅವಳ ಕಿವಿಯನ್ನಲ್ಲ, ಅದು ಕೂದಲ ಹಿಂದೆ ಇತ್ತು.

ಅವಳಿಗೆ ಇನ್ನೇನು ಇಪ್ಪತ್ತೇಳು ತುಂಬಬೇಕು ಎನ್ನುವಾಗ ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದವಳು ಬಾಗಿಲಲ್ಲಿ ಹಲೋ ಎನ್ನಲಿಲ್ಲ. ಚಪ್ಪಲಿ ಬಿಟ್ಟು ಸುಮ್ಮನೆ ಅಡುಗೆಮನೆಗೆ ಬಂದು ನೀರಿನ ಕೊಡದ ಪಕ್ಕ ಕೂತಳು.

“ಏನಾಯ್ತೇ?”

“ಗಡಿಯಾರ ಕರೆದಿದ್ರು.”

ಗಡಿಯಾರ ಎಂದರೆ ಅವಳ ಮೇಲ್ವಿಚಾರಕಿ. ಎದೆಯ ಮೇಲೆ ಪಿನ್ನಿನಲ್ಲಿ ಗಡಿಯಾರ ನೇತುಹಾಕಿಕೊಂಡು ಹುಡುಗಿಯರ ಬೆನ್ನ ಹಿಂದೆ ಓಡಾಡುವ ಹೆಂಗಸು.

“ಹೆಡ್‌ಸೆಟ್ ಕಿವಿ ಮೇಲೆ ನಿಲ್ತಾ ಇಲ್ಲ ಅತ್ತಿಗೆ. ಗಂಟು ಅದನ್ನ ಹೊರಗೆ ತಳ್ಳುತ್ತೆ. ಕೈಯಲ್ಲಿ ಒತ್ತಿ ಹಿಡ್ಕೊಂಡ್ರೆ ಪ್ಲಗ್ ಹಾಕೋಕೆ ಒಂದೇ ಕೈ. ಒತ್ತಿದ್ರೆ ಉರಿ. ನಿನ್ನೆ ಹೆಡ್‌ಸೆಟ್ ಮೇಲೆ ರಕ್ತ ಇತ್ತು. ಬೇರೆ ಹುಡುಗಿ ಹಾಕ್ಕೊಳ್ಳಲ್ಲ ಅಂದ್ಳು, ಅಂಟುರೋಗ ಅಂತೆ.” ಅವಳು ಕೊಡದ ಮೇಲಿನ ಲೋಟವನ್ನು ಬೋರಲು ಹಾಕಿದಳು, ನೆಟ್ಟಗೆ ಮಾಡಿದಳು. “ಮೂರು ತಿಂಗಳು ಕೊಟ್ಟಿದ್ದಾರೆ. ಸರಿ ಹೋಗ್ಲಿಲ್ಲ ಅಂದ್ರೆ ರೆಕಾರ್ಡ್ ರೂಮಿಗೆ ಹಾಕ್ತಾರಂತೆ.”

“ಸಂಬಳ ಕಡಿಮೆಯಾ?”

“ಅಷ್ಟೇ. ಆದ್ರೆ ಅಲ್ಲಿ ಬರೀ ಫೈಲು ಅತ್ತಿಗೆ. ಫೈಲು ಮಾತಾಡಲ್ಲ!”

ಅವಳನ್ನು ಬಲ್ಲವರಿಗೆ ಮಾತ್ರ ಆ ಮಾತಿನ ತೂಕ ಗೊತ್ತಾದೀತು. ಊರಿನ ಅರ್ಧ ಜನದ ದನಿ ಅವಳಿಗೆ ಗೊತ್ತು. ಯಾರ ಮಗು ಹುಟ್ಟಿತು, ಯಾರ ಲಾರಿ ಕೆಟ್ಟಿತು ಎಂದು ದನಿಯ ನಡುಕದಲ್ಲೇ ಹೇಳುವಳು. ಆ ಸ್ವಿಚ್‌ಬೋರ್ಡಿನ ಮುಂದಿನ ಕುರ್ಚಿ ಬಿಟ್ಟರೆ ಅವಳಿಗೆ ಬೇರೆ ಸ್ವರ್ಗ ಬೇಕಿರಲಿಲ್ಲ.

ನಮ್ಮವರಿಗೆ ಹೇಳಿದರೆ, “ಕೊಯ್ಸೋದು ಬೇಡ” ಎಂದು ಒಂದೇ ಹಟ. ಆಗ ಅವಳೇ ಒಂದು ದಾರಿ ಹೇಳಿದಳು. ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಚರ್ಮದ ಡಾಕ್ಟರಮ್ಮ ಇದ್ದರು. ದಿನಾ ಅವರಿಗೆ ಲೈನ್ ಕೊಡುತ್ತಿದ್ದವಳು ಇವಳೇ. “ಮುಖ ನೋಡಿಲ್ಲ, ಆದ್ರೆ ಫೋನಲ್ಲಿ ರೋಗಿಗಳನ್ನ ಒಂದು ದಿನವೂ ಗದರಿದ್ದು ಕೇಳಿಲ್ಲ. ಅವರ ಹತ್ರ ಹೋಗೋಣ.”

ನಾವಿಬ್ಬರೂ ಹೋದೆವು. ಉದ್ದದ ಬೆಂಚು, ಫಿನೈಲಿನ ವಾಸನೆ. ನಮ್ಮ ಸರದಿ ಬಂದಾಗ ಒಳಗೆ ಹೋಗಿ ಇವಳು “ನಮಸ್ಕಾರ ಡಾಕ್ಟ್ರೇ” ಎಂದಳು, ಅಷ್ಟೇ. ಡಾಕ್ಟರಮ್ಮ ತಲೆ ಎತ್ತಿ, “ಎಕ್ಸ್‌ಚೇಂಜಿನ ಹುಡುಗಿ ಅಲ್ವಾ ನೀವು? ಬೆಳಗಿನ ಪಾಳಿ?” ಎಂದುಬಿಟ್ಟರು! ಇವಳು ಹಿಗ್ಗಿ ಹೀರೇಕಾಯಿಯಾದಳು.

ಡಾಕ್ಟರಮ್ಮ ಕೂದಲು ಸರಿಸಿ, ಗಂಟನ್ನು ಎರಡು ಬೆರಳಲ್ಲಿ ಹಿಡಿದು, ಹಿಂದೆ ಮುಂದೆ ನೋಡಿದರು. “ಇದಕ್ಕೆ ಕೆಲಾಯ್ಡ್ ಅಂತಾರೆ” ಎಂದರು. “ಗಾಯ ಆದಾಗ ಚರ್ಮ ಹೊಸ ನಾರು ಕಟ್ಟಿ ಮುಚ್ಚುತ್ತೆ. ಮುಚ್ಚಿದ ಮೇಲೆ ನಿಲ್ಲಿಸ್ಬೇಕು. ಕೆಲವರ ಚರ್ಮಕ್ಕೆ ನಿಲ್ಲಿಸೋದೇ ಗೊತ್ತಾಗಲ್ಲ. ಗಾಯದ ಎಲ್ಲೆ ದಾಟಿ ಕಟ್ತಾನೇ ಹೋಗುತ್ತೆ.”

“ನನ್ನ ಹಾಗೇ ಡಾಕ್ಟ್ರೇ. ನನಗೂ ಮಾತು ನಿಲ್ಲಿಸೋಕೆ ಬರಲ್ಲ.”

“ಅದಕ್ಕೆ ಔಷಧಿ ಇಲ್ಲ, ಇದಕ್ಕಿದೆ” ಎಂದರು ಅವರು. ಆಮೇಲೆ, ಇದು ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ ಎಂದು ಬಿಡಿಸಿ ಹೇಳಿದರು. ಅದನ್ನು ಕೇಳಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು; ಬೀದಿಯಲ್ಲಿ ಕೆಲವರು ಆ ಮಾತನ್ನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದರು. “ಮನೆಯಲ್ಲಿ ಬೇರೆ ಯಾರಿಗಾದ್ರೂ ಇದೆಯಾ? ಇದು ರಕ್ತಸಂಬಂಧದಲ್ಲಿ ಬರೋದುಂಟು.” ನನಗೆ ಥಟ್ಟನೆ ನೆನಪಾಯಿತು. ನಮ್ಮವರ ಭುಜದ ಮೇಲೆ, ಚಿಕ್ಕಂದಿನಲ್ಲಿ ಚುಚ್ಚುಮದ್ದು ಹಾಕಿದ ಜಾಗದಲ್ಲಿ, ಹುರುಳಿಯಷ್ಟು ಹೊಳೆಯುವ ಗಂಟೊಂದಿತ್ತು.

“ಸರಿ. ಈಗ ಮುಖ್ಯವಾದ್ದು. ಇದು ಒಂದು ಮಟ್ಟಕ್ಕೆ ಬಂದು ನಿಂತಿದೆಯಾ, ಇನ್ನೂ ಬೆಳೀತಾ ಇದೆಯಾ?”

“ನಿಂತಿದೆ ಡಾಕ್ಟ್ರೇ, ಮೊದಲಿಂದ ಇಷ್ಟೇ” ಎಂದಳು ನಾದಿನಿ. ನಾನೂ ಹೌದೆಂದು ತಲೆಯಾಡಿಸಿದೆ. ನನ್ನ ಕಣ್ಣ ಮುಂದೆ ಗೋಡೆಯ ಫೋಟೋಗಳೇ ಇದ್ದವು.

“ಮೊದಲು ನಿಲ್ತಿದ್ದ ಹೆಡ್‌ಸೆಟ್ ಈಗ ನಿಲ್ತಿಲ್ಲ ಅಂತೀರಾ, ಗಂಟು ಇಷ್ಟೇ ಅಂತೀರಾ. ಎಲ್ಲೋ ತಾಳೆ ಆಗ್ತಿಲ್ಲ. ಹಳೇ ಫೋಟೋ ಇದ್ರೆ ತನ್ನಿ. ನಿಂತ ಗಂಟಿಗೆ ಒಂದು ದಾರಿ, ಬೆಳೆಯೋ ಗಂಟಿಗೆ ಇನ್ನೊಂದು.”

“ಫೋಟೋನಾ!” ಎಂದು ಇವಳು ನಕ್ಕಳು. “ನಮ್ಮ ಮನೇಲಿ ಅದಕ್ಕೇನು ಬರ!”

ಮಾರನೇ ದಿನ ಗೋಡೆಯ ಮೇಲಿನ ಹದಿನಾಲ್ಕು ಫೋಟೋಗಳನ್ನೂ ಇಳಿಸಿ, ಹಳೇ ಸೀರೆಯಲ್ಲಿ ಸುತ್ತಿ ಒಯ್ದೆವು. ಡಾಕ್ಟರಮ್ಮ ಮೇಜಿನ ಮೇಲೆ ಸಾಲಾಗಿ ಇಟ್ಟರು. ಕನ್ನಡಕ ಏರಿಸಿದರು. ಒಂದೊಂದನ್ನೇ ಕಿಟಕಿಗೆ ಹಿಡಿದರು. ಆಮೇಲೆ ಕುರ್ಚಿಗೆ ಒರಗಿ, “ಹದಿನಾಲ್ಕು ವರ್ಷ, ಹದಿನಾಲ್ಕು ಕಿವಿ, ಒಂದಕ್ಕೂ ಏನೂ ಆಗಿಲ್ಲ. ನೀವು ಯಾರಿಗೆ ಔಷಧಿ ಕೇಳ್ತಿದ್ದೀರಾ?” ಎಂದು ಕೇಳಿದರು.

ನಾದಿನಿ ಫೋಟೋ ಒಂದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. “ಅಣ್ಣ ಒರೆಸ್ತಾನೆ ಅಂತ ಗೊತ್ತಿತ್ತು. ನನ್ನನ್ನೇ ನಂಬಿಸೋವಷ್ಟು ಒರೆಸಿದ್ದಾನೆ ಅಂತ ಗೊತ್ತಿರ್ಲಿಲ್ಲ.”

ಅಲ್ಲಿಂದ ನೇರ ಸ್ಟುಡಿಯೋಗೆ. ನಮ್ಮವರು ಯಾರದೋ ಮದುವಣಗಿತ್ತಿಯ ಹಣೆಗೆ ಚುಕ್ಕಿ ಇಡುತ್ತ ಕೂತಿದ್ದರು. ವಿಷಯ ಹೇಳಿದೆವು. ಅವರು ಪೆನ್ಸಿಲ್ ಕೆಳಗಿಡದೆಯೇ, “ನೆಗೆಟಿವ್ ಇದೆ. ಆದ್ರೆ ಟಚಿಂಗ್ ತೆಗೆಯೋಕಾಗಲ್ಲ. ಒಂದೊಂದಕ್ಕೂ ಒಂದೊಂದು ದಿನ ಕೂತಿದ್ದೀನಿ. ನನ್ನ ಕೆಲಸವೆಲ್ಲ ಹಾಳಾಗುತ್ತೆ” ಎಂದರು.

“ಅಣ್ಣಾ, ನಿನ್ನ ಕೆಲಸ ಉಳೀಬೇಕೋ, ನನ್ನ ಕೆಲಸ ಉಳೀಬೇಕೋ?”

“ಡಾಕ್ಟ್ರು ಮತ್ತೆ ಕೊಯ್ತಾರೆ ಕಣೇ.”

“ಕೊಯ್ತಾರೋ ಇಲ್ವೋ ನೋಡೋಕೇ ಫೋಟೋ ಕೇಳ್ತಿರೋದು. ನೀನು ಹೀಗೇ ಒರೆಸ್ತಾ ಕೂತಿರು. ನಾನು ರೆಕಾರ್ಡ್ ರೂಮಲ್ಲಿ ಫೈಲಿಗೆ ಹಲೋ ಅಂತಿರ್ತೀನಿ.”

ನಾನು ನಡುವೆ ಬಾಯಿ ಹಾಕಿದೆ. “ರೀ, ಅವಳು ಚೆಂದ ಕಾಣ್ಲಿ ಅಂತ ತಾನೇ ಮಾಡಿದ್ದು? ಯಾರು ಬೇಡ ಅಂದ್ರು. ಈಗ ಅವಳು ಇದ್ದ ಹಾಗೆ ಕಾಣ್ಬೇಕು.”

ಅವರು ಮದುವಣಗಿತ್ತಿಯನ್ನು ಪಕ್ಕಕ್ಕಿಟ್ಟರು. ಕಪಾಟಿನಿಂದ ವರ್ಷ ಬರೆದ ಲಕೋಟೆಗಳನ್ನು ತೆಗೆದರು. ಹತ್ತಿಯ ಉಂಡೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ, ಮೊದಲನೇ ನೆಗೆಟಿವಿನ ಮೇಲೆ ಮೆಲ್ಲಗೆ ಒಮ್ಮೆ ಸುತ್ತಿಸಿದರು. ಹತ್ತಿ ಬೂದಿ ಬಣ್ಣಕ್ಕೆ ತಿರುಗಿತು. ಹದಿಮೂರರ ಹುಡುಗಿಯ ಕಿವಿಯಲ್ಲಿ ಒಂದು ಪುಟ್ಟ ಬೆಳಕಿನ ಕಾಳು ಮೂಡಿತು. ಹಾಗೇ ಎರಡನೆಯದು, ಮೂರನೆಯದು. ಎರಡು ವರ್ಷದವನ್ನು ಮಾತ್ರ ಬ್ಲೇಡಿನಿಂದ ಕೆರೆದಿದ್ದರಂತೆ, ಅವು ಹೋಗಿದ್ದವು. ಉಳಿದ ಹನ್ನೆರಡೂ ಬಂದವು. ಅವತ್ತೇ ಕಾಗದದ ಮೇಲೆ ಮೂಡಿಸಿ, ದಾರಕ್ಕೆ ಕ್ಲಿಪ್ಪು ಹಾಕಿ ಸಾಲಾಗಿ ಒಣಗಲು ಬಿಟ್ಟರು.

ನಾವು ಮೂವರೂ ಆ ದಾರದ ಕೆಳಗೆ ನಡೆದುಕೊಂಡು ಹೋದೆವು. ಮೆಣಸಿನಕಾಳು, ಬಟಾಣಿ. ಹದಿನಾರರಲ್ಲಿ ಬರೀ ಹೊಲಿಗೆಯ ಗೆರೆ. ಹದಿನೇಳರಲ್ಲಿ ದ್ರಾಕ್ಷಿ. ಆರೇಳು ವರ್ಷ ಸುಮಾರಾಗಿ ಅಷ್ಟೇ. ಇಪ್ಪತ್ತನಾಲ್ಕರಿಂದ ಈಚೆಗೆ, ಎಕ್ಸ್‌ಚೇಂಜಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಹೊಸ ಹೆಡ್‌ಸೆಟ್ ಬಂದಮೇಲೆ, ವರ್ಷ ವರ್ಷಕ್ಕೂ ಉಬ್ಬಿ ಉಬ್ಬಿ, ಕಡೆಯದರಲ್ಲಿ ಗೋಲಿಯಷ್ಟು. ನಮ್ಮವರು ಡಾರ್ಕ್ ರೂಮಿಗೆ ಹೋಗಿ, ತೊಳೆದಿಟ್ಟ ಟ್ರೇಯನ್ನೇ ಮತ್ತೆ ತೊಳೆದರು. ನಾದಿನಿ ಬಾಗಿಲಲ್ಲಿ ನಿಂತು, “ಅಣ್ಣಾ, ಟ್ರೇ ಸವೆದು ಹೋಗುತ್ತೆ, ಸಾಕು ಬಾ” ಎಂದಳು.

ಆ ಹನ್ನೆರಡು ಫೋಟೋ ನೋಡಿ ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. “ನೋಡಿ, ಇಲ್ಲೇ ಬರೆದಿಟ್ಟ ಹಾಗಿದೆ! ಬರೀ ಕೊಯ್ದಿದ್ದಕ್ಕೆ ಮೊದಲಿಗಿಂತ ದೊಡ್ಡದಾಗಿ ಬಂದಿದೆ. ಬರೀ ಕೊಯ್ದ್ರೆ ಬಹಳ ಜನರಿಗೆ ಹಾಗೇ ಆಗೋದು. ಈಗ ಇದು ಇನ್ನೂ ಬೆಳೀತಿದೆ. ಮೊದಲು ಗಂಟಿಗೇ ಇಂಜೆಕ್ಷನ್ ಕೊಟ್ಟು ಮೆತ್ತಗೆ ಮಾಡೋಣ, ತಿಂಗಳಿಗೊಂದು. ಆಮೇಲೆ ತೆಗೆಯೋಣ. ತೆಗೆದ ಮೇಲೂ ಇಂಜೆಕ್ಷನ್, ಜೊತೆಗೆ ಕಿವಿಗೆ ಒತ್ತುವ ಕ್ಲಿಪ್ಪು, ಹಗಲೂ ರಾತ್ರಿ, ಆರು ತಿಂಗಳಿಂದ ಒಂದು ವರ್ಷ. ಆಗ್ಲೂ ಬರೋದೇ ಇಲ್ಲ ಅಂತ ನಾನು ಬರೆದುಕೊಡಲ್ಲ. ಬಂದ್ರೆ ಬೇಗ ಹಿಡೀಬೇಕು, ಅಷ್ಟೇ.”

ಮೊದಲನೇ ಇಂಜೆಕ್ಷನ್ ದಿನ ಸೂಜಿ ಆ ಗಟ್ಟಿಯೊಳಗೆ ಇಳಿಯುತ್ತಿದ್ದಂತೆ ಇವಳು “ರಾಂಗ್ ನಂಬರ್!” ಎಂದು ಕಿರುಚಿದಳು. ಹೊರಗಿನ ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಎರಡನೆಯದಕ್ಕೆ ತುರಿಕೆ ಇಳಿಯಿತು. ಮೂರನೆಯದಕ್ಕೆ ಗೋಲಿ ದ್ರಾಕ್ಷಿಗೆ ಇಳಿದು ಮೆತ್ತಗಾಯಿತು.

ಆದರೆ ಗಡಿಯಾರದ ಮೂರು ತಿಂಗಳೂ ಅಲ್ಲಿಗೆ ಮುಗಿದಿತ್ತು. ಇನ್ನೂ ವರ್ಷದ ಕೆಲಸ ಬಾಕಿ. ಡಾಕ್ಟರಮ್ಮನ ಕಾಗದ ಒಂದು ಕೈಯಲ್ಲಿ, ನಾನು ಹೊಲಿದುಕೊಟ್ಟ ದಿಂಬು ಇನ್ನೊಂದು ಕೈಯಲ್ಲಿ ಹಿಡಿದು ನಾದಿನಿ ಗಡಿಯಾರದ ಮುಂದೆ ನಿಂತಳು. ದಿಂಬೆಂದರೆ ಅಂಗೈಯಗಲದ ಮೆತ್ತನೆ ಉಂಗುರ. ಹಳೇ ಮಖಮಲ್ಲಿನ ರವಿಕೆ ಕತ್ತರಿಸಿ, ಹತ್ತಿ ತುಂಬಿ, ಕೆಳಗಡೆ ಹಾಲೆ ತೂಗಾಡಲು ಒಂದು ಕಚ್ಚು ಬಿಟ್ಟಿದ್ದೆ. ಅದನ್ನು ಹೆಡ್‌ಸೆಟ್ಟಿನ ಮೂತಿಗೆ ಕಟ್ಟಿದರೆ ಗಂಟಿಗೆ ಏನೂ ತಾಗುತ್ತಿರಲಿಲ್ಲ. ಗಡಿಯಾರ ಅದನ್ನು ಮೊದಲು ತನ್ನ ಕಿವಿಗೆ ಹಾಕಿ ನೋಡಿದಳಂತೆ. ಕಾಲು ಗಂಟೆ ತೆಗೆಯಲೇ ಇಲ್ಲವಂತೆ. “ಒಂದೊಂದು ತಿಂಗಳಾಗಿ ನೋಡ್ತೀನಿ. ಒಂದು ಕರೆ ತಪ್ಪಿದ್ರೂ ರೆಕಾರ್ಡ್ ರೂಮು” ಎಂದು ಹೇಳಿ, ಆಮೇಲೆ ಮೆತ್ತಗೆ, “ನನಗೂ ಒಂದು ಹೊಲಿದು ಕೊಡ್ತಾರಾ ನಿಮ್ಮ ಅತ್ತಿಗೆ?” ಎಂದಳಂತೆ.

ಐದನೇ ತಿಂಗಳಲ್ಲಿ ಗಂಟು ತೆಗೆದರು. ಈ ಸಲವೂ ನಮ್ಮವರು ಕೈ ಹಿಡಿದುಕೊಂಡಿದ್ದರು. ಬೆವರಿದ್ದು ಅವರೇ. ಹೊಲಿಗೆ ಮಾಗಿದ ಮೇಲೆ ಕ್ಲಿಪ್ಪಿನ ಕೆಲಸ. ಅದನ್ನು ತಾನೇ ಮಾಡುವೆನೆಂದು ನಮ್ಮವರು ಹಟ ಹಿಡಿದರು. ಸ್ಟುಡಿಯೋದ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಗುಂಡು ಬಿಲ್ಲೆ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿ, ವಾಚ್ ರಿಪೇರಿಯವನ ಹತ್ತಿರ ಸ್ಪ್ರಿಂಗು ಹಾಕಿಸಿದರು. ಮೊದಲನೆಯದು ಎಷ್ಟು ಬಿಗಿಯೆಂದರೆ ಹಾಲೆ ಫೋಟೋ ಕಾಗದದ ಹಾಗೆ ಬೆಳ್ಳಗಾಯಿತು. “ಬೆಳ್ಳಗಾದ್ರೆ ರಕ್ತ ಓಡ್ತಿಲ್ಲ ಅಂತ ಅರ್ಥ. ಇದು ಕಿವಿ, ನಿಮ್ಮ ನೆಗೆಟಿವ್ ಅಲ್ಲ” ಎಂದು ಡಾಕ್ಟರಮ್ಮ ವಾಪಸ್ಸು ಕಳಿಸಿದರು. ನಾಲ್ಕನೇ ಸಲಕ್ಕೆ ಒಪ್ಪಿದರು.

ಸ್ನಾನಕ್ಕೆ ಬಿಟ್ಟರೆ ಕ್ಲಿಪ್ಪು ಕಿವಿ ಬಿಡಲಿಲ್ಲ. ಒಂದೇ ಕಿವಿಗೆ ದೊಡ್ಡ ಬಿಲ್ಲೆ ನೋಡಿ ಜನ ಕೇಳಿದರೆ, “ಇದೇ ಈಗ ಹೊಸದು” ಎನ್ನುವಳು. ತಿಂಗಳಾಗುವಷ್ಟರಲ್ಲಿ ಎಕ್ಸ್‌ಚೇಂಜಿನ ಇಬ್ಬರು ಹುಡುಗಿಯರು ಒಂದೇ ಕಿವಿಗೆ ಬಿಲ್ಲೆ ಹಾಕಿಕೊಂಡು ಬಂದರು. ಅವರಲ್ಲೊಬ್ಬಳು ಅಂಟುರೋಗ ಎಂದಿದ್ದವಳೇ.

ನಡುವೆ ಒಂದು ಹೆದರಿಕೆ ಆಯಿತು. ತೆಗೆದ ನಾಲ್ಕನೇ ತಿಂಗಳಿಗೆ ಗೆರೆಯ ತುದಿಯಲ್ಲಿ ಬೆರಳಿಗೆ ಏನೋ ಗಟ್ಟಿ ಸಿಕ್ಕಿತು. ಕಳೆದ ಸಲವೂ ನಾಲ್ಕನೇ ತಿಂಗಳೇ. ಒಂದು ಇಡೀ ದಿನ ನಮ್ಮ ಮನೆಯಲ್ಲಿ ಯಾರೂ ಹಲೋ ಎನ್ನಲಿಲ್ಲ. ಡಾಕ್ಟರಮ್ಮ ಮುಟ್ಟಿ ನೋಡಿ, “ಬೇಗ ಬಂದ್ರಿ, ಒಳ್ಳೇದಾಯ್ತು” ಎಂದು ಅಲ್ಲಿಗೇ ಒಂದು ಸೂಜಿ ಕೊಟ್ಟರು. ಇನ್ನೊಂದು ತಿಂಗಳಿಗೆ ಇನ್ನೊಂದು. ಅದು ಕರಗಿತು. ಮತ್ತೆ ತಲೆ ಎತ್ತಲಿಲ್ಲ. ವರ್ಷ ತುಂಬಿದ ದಿನ ಅವಳು ದಿಂಬಿಲ್ಲದೆ, ಬರೀ ಹೆಡ್‌ಸೆಟ್ ಹಾಕಿ, ಎರಡೂ ಕೈಯಲ್ಲಿ ಪ್ಲಗ್ ಹಿಡಿದು ಇಡೀ ಪಾಳಿ ಕೂತಳು. ದಿಂಬು ಗಡಿಯಾರದ ಪಾಲಾಯಿತು. ರೆಕಾರ್ಡ್ ರೂಮಿನ ಮಾತು ಆಮೇಲೆ ಬರಲಿಲ್ಲ.

ಆ ಸಲದ ಹುಟ್ಟಿದ ದಿನ ಸ್ಟುಡಿಯೋಗೆ ನಾನೂ ಹೋಗಿದ್ದೆ. ಕೂದಲನ್ನು ಮೊದಲ ಸಲ ತಾನಾಗಿಯೇ ಎಡಗಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು ಕೂತಿದ್ದಳು. ನೆಗೆಟಿವ್ ಒಣಗಿದ ಮೇಲೆ ನಮ್ಮವರು ಅಭ್ಯಾಸಬಲದಿಂದ ಗಾಜಿನ ಮೇಲಿಟ್ಟು ಪೆನ್ಸಿಲ್ ಕೈಗೆತ್ತಿಕೊಂಡರು. ಹಾಲೆಯಲ್ಲಿ ಕೂದಲೆಳೆಯಷ್ಟು ಒಂದು ಗೆರೆ ಇತ್ತು.

“ಅಣ್ಣಾ, ಪೆನ್ಸಿಲ್ ಕೆಳಗಿಡು.”

“ಬರೀ ಒಂದು ಗೆರೆ ಕಣೇ. ಎರಡು ಚುಕ್ಕಿ.”

“ನಾಳೆ ಅದು ಮತ್ತೆ ಬೆಳೆದ್ರೆ ಡಾಕ್ಟರಮ್ಮ ಏನು ನೋಡ್ಬೇಕು, ನಿನ್ನ ಚುಕ್ಕೀನಾ?”

ಅವರು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು. ಅದಾದಮೇಲೆ ಅವಳ ಫೋಟೋಗೆ ಚುಕ್ಕಿ ಇಟ್ಟದ್ದಿಲ್ಲ. ಅವಳಿಗೆ ಸುಕ್ಕು ಬಂದಮೇಲೂ ಇಡಲಿಲ್ಲ. ಅದಕ್ಕೆ ಮಾತ್ರ ಅವಳು ಸ್ವಲ್ಪ ಗೊಣಗಿದಳು.

ಆ ಹನ್ನೆರಡು ಫೋಟೋಗಳನ್ನು ಡಾಕ್ಟರಮ್ಮ ಅವಳ ಒಪ್ಪಿಗೆ ಕೇಳಿ ಇಟ್ಟುಕೊಂಡರು, ಡಾಕ್ಟರಿಕೆ ಓದುವ ಮಕ್ಕಳಿಗೆ ತೋರಿಸಲು. “ನಾನು ಕಾಲೇಜು ಮೆಟ್ಟಲು ಹತ್ತಲಿಲ್ಲ, ನನ್ನ ಕಿವಿ ಹತ್ತಿತು” ಎಂದು ಇವಳು ಬೀದಿಗೆಲ್ಲ ಹೇಳಿಕೊಂಡು ಬಂದಳು. ಐವತ್ತೆಂಟಕ್ಕೆ ನಿವೃತ್ತಿಯಾಗುವ ತನಕ ಮಾತಿನ ಕುರ್ಚಿ ಬಿಡಲಿಲ್ಲ. ಸ್ವಿಚ್‌ಬೋರ್ಡ್ ಹೋಗಿ ಯಂತ್ರ ಬಂದಾಗ ವಿಚಾರಣೆಯ ಕೌಂಟರಿಗೆ ಹೋದಳು, ಅಲ್ಲೂ ಹೆಡ್‌ಸೆಟ್ಟೇ. ಮದುವೆಯಾಗಲಿಲ್ಲ. “ಒಬ್ಬನೇ ಜೊತೆ ಮಾತಾಡ್ಕೊಂಡಿರೋದು ನನ್ನ ಕೈಲಾಗಲ್ಲ” ಎನ್ನುವಳು.

ನಮ್ಮವರು ಹೋಗಿ ಒಂಬತ್ತು ವರ್ಷ. ಈಗ ಎರಡು ಕೋಣೆಗೆ ನಾವಿಬ್ಬರೇ. ಇಷ್ಟನ್ನೂ ಬರೆದು, ನಿನ್ನೆ ಬೆಳಿಗ್ಗೆ ಅವಳ ಎಡಗಡೆ ಕೂತು ಜೋರಾಗಿ ಓದಿ ಹೇಳಿದೆ. ತರಕಾರಿ ಹೆಚ್ಚುತ್ತ ಎಲ್ಲಾ ಕೇಳಿಸಿಕೊಂಡಳು. ಗಡಿಯಾರದ ಜಾಗಕ್ಕೆ ಬಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮುಗಿದ ಮೇಲೆ ಚಾಕು ಕೆಳಗಿಟ್ಟು ಹೇಳಿದಳು:

“ಎಲ್ಲಾ ಸರಿ ಅತ್ತಿಗೆ. ಆದ್ರೆ ಅದು ಗೋಲಿಗಿಂತ ದೊಡ್ಡದಿತ್ತು. ನೀವೂ ಅಣ್ಣನ ಹಾಗೆ ಟಚಿಂಗ್ ಮಾಡ್ಬೇಡಿ.”

ಸರಿ. ಗೋಲಿಗಿಂತ ದೊಡ್ಡದೇ ಇತ್ತು.